ಬೋಸ್ ಎಸ್1 ಪ್ರೊ: ಮಾತಿಲ್ಲದ ಹಾಡುಗಳಿಗೆ ಒಂದು ಡಬ್ಬಿ

ಈ ಸ್ಪೀಕರ್ ಬಗ್ಗೆ ಓದಲು ಸಿಗುವುದೆಲ್ಲ ಹೆಚ್ಚಾಗಿ ಹಾಡುವವರು ಬರೆದದ್ದು. ಒಂದು ಮೈಕು, ಒಂದು ಅಕೌಸ್ಟಿಕ್ ಗಿಟಾರು, ಕೆಫೆಯ ಒಂದು ಮೂಲೆ. ನನ್ನ ಕೆಲಸ ಬೇರೆ. ನಾನು ಹಾಡುವುದಿಲ್ಲ. ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ಗಾರ್ಡನ್ ರೆಸ್ಟೊರೆಂಟಿನಲ್ಲಿ ಶನಿವಾರ ಸಂಜೆ, ನಡುನಡುವೆ ಸೀಮಂತ, ನಿಶ್ಚಿತಾರ್ಥ, ನಿವೃತ್ತಿ ಸಮಾರಂಭ ಅಂತ ಯಾರಾದರೂ ಕರೆದಾಗ, ಎಲೆಕ್ಟ್ರಿಕ್ ಗಿಟಾರಿನ ಮೇಲೆ ಹಾಡುಗಳ ಧಾಟಿ ನುಡಿಸುತ್ತೇನೆ. ತಬಲಾ, ಬೇಸು, ಕೀಬೋರ್ಡು ಎಲ್ಲವೂ ಫೋನಿನೊಳಗಿನ ಬ್ಯಾಕಿಂಗ್ ಟ್ರ್ಯಾಕ್. ಹಗಲು ಮೆಡಿಕಲ್ ಅಂಗಡಿ ನೋಡಿಕೊಳ್ಳುವವ. ಹಾಗಾಗಿ ಈ ಡಬ್ಬಿಯನ್ನು ನಾನು ಅಳೆಯುವುದು ಒಂದೇ ಗಜಕಡ್ಡಿಯಿಂದ: ಇದರೊಳಗೆ ಯಾವ ಹಾಡು ನಿಲ್ಲುತ್ತದೆ, ಯಾವುದು ಸೋರಿ ಹೋಗುತ್ತದೆ.

ಮೊದಲು ಹೊರುವ ಮಾತು. ತೂಕ 7.1 ಕೆಜಿ, ಎತ್ತರ ಸುಮಾರು 33 ಸೆಂಟಿಮೀಟರ್. ಸ್ಕೂಟಿಯ ಕಾಲಿಡುವ ಜಾಗದಲ್ಲಿ ಬರೋಬ್ಬರಿ ಕೂಡುತ್ತದೆ. ಗಿಟಾರು ಬೆನ್ನಿಗೆ, ಪೆಡಲು, ವೈರು ಡಿಕ್ಕಿಗೆ. ಆಟೋ ಬಾಡಿಗೆ ಉಳಿಯಿತು ಅನ್ನುವುದಕ್ಕಿಂತ ದೊಡ್ಡ ಲಾಭ ಎಂದರೆ ಒಬ್ಬನೇ ಹೋಗಿ ಒಬ್ಬನೇ ಬರಬಹುದು. ಇದಕ್ಕೂ ಮೊದಲು ಹನ್ನೆರಡು ಇಂಚಿನ ಸ್ಪೀಕರ್ ಬಾಡಿಗೆ ತರುತ್ತಿದ್ದೆ. ಅದರ ಜೊತೆ ಅದರ ಹುಡುಗನೂ ಬರುತ್ತಿದ್ದ, ಅವನ ಊಟವೂ ನನ್ನ ಲೆಕ್ಕಕ್ಕೆ.

ಬ್ಯಾಟರಿ ಪೂರ್ತಿ ತುಂಬಿದರೆ 11 ಗಂಟೆಯವರೆಗೆ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ನನ್ನ ಕಾರ್ಯಕ್ರಮ ಎರಡು ಗಂಟೆಯ ಆಸುಪಾಸು, ಹಾಗಾಗಿ ಆ ಲೆಕ್ಕದ ಅಂಚಿಗೆ ಹೋಗುವ ಪ್ರಸಂಗವೇ ಬರುವುದಿಲ್ಲ. ಆದರೆ ಬ್ಯಾಟರಿಯ ನಿಜವಾದ ಉಪಕಾರ ಕರೆಂಟು ಹೋದಾಗ ಕಾಣುವುದಲ್ಲ, ಕರೆಂಟು ಇದ್ದಾಗ. ನಮ್ಮ ಕಡೆಯ ಹಳೆಯ ಮಂಗಲ ಕಾರ್ಯಾಲಯಗಳಲ್ಲಿ ಪ್ಲಗ್ಗಿಗೆ ಮೂರನೇ ತೂತು ಇರುತ್ತದೆ, ಅದರ ಹಿಂದೆ ಅರ್ಥಿಂಗ್ ಇರುತ್ತದೆ ಅಂತ ಯಾರೂ ಆಣೆ ಮಾಡಿ ಹೇಳುವುದಿಲ್ಲ. ಅಂಥ ಪ್ಲಗ್ಗಿಗೆ ಸ್ಪೀಕರ್ ಹಚ್ಚಿದರೆ ನೀವು ಒಂದು ಸ್ವರ ನುಡಿಸುವ ಮೊದಲೇ ಅದು ತನ್ನದೊಂದು ಷಡ್ಜ ಹಿಡಿದು ಕೂತಿರುತ್ತದೆ. ಬ್ಯಾಟರಿಯ ಮೇಲೆ ಆ ಗುಂಯ್ ಇಲ್ಲ. ಹಾಗಂತ ಪೂರ್ತಿ ಮೌನವೂ ಅಲ್ಲ: ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿ) ಇರುವ ಗಿಟಾರಾದರೆ ಮದುವೆಮನೆಯ ಸೀರಿಯಲ್ ಸೆಟ್ಟು, ಟ್ಯೂಬ್‌ಲೈಟುಗಳ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಗೊಣಗಾಟವನ್ನು ಗಾಳಿಯಿಂದಲೇ ಹಿಡಿಯುತ್ತದೆ. ಅದಕ್ಕೆ ಸ್ಪೀಕರ್ ಏನೂ ಮಾಡಲಾರದು. ಕುರ್ಚಿ ಸ್ವಲ್ಪ ತಿರುಗಿಸಿ, ಗೊಣಗಾಟ ಕಡಿಮೆಯಾಗುವ ದಿಕ್ಕು ಹುಡುಕಿ ಕೂಡಬೇಕು.

ಹಿಂದಿನ ಫಲಕ ಸರಳ. ಮೂರು ಚಾನೆಲ್, ಅಂದರೆ ಸದ್ದು ಒಳಗೆ ಬರುವ ಮೂರು ದಾರಿ. ಒಂದು ಮತ್ತು ಎರಡಕ್ಕೆ ವಾಲ್ಯೂಮ್, ಟ್ರೆಬಲ್ (ಮೇಲಿನ ದನಿ), ಬೇಸ್ (ತಳದ ದನಿ), ರಿವರ್ಬ್ (ಮಾರ್ದನಿ) ಗುಂಡಿಗಳು. ಮೂರನೆಯದು ಬ್ಲೂಟೂತಿಗೆ, ಇಲ್ಲವೇ 3.5 ಎಂಎಂ ತಂತಿಗೆ. ಅಲ್ಲಿ ವಾಲ್ಯೂಮ್ ಬಿಟ್ಟರೆ ಬೇರೇನೂ ಇಲ್ಲ. ಮೊದಲೆರಡು ಚಾನೆಲ್ಲಿಗೆ ಟೋನ್‌ಮ್ಯಾಚ್ ಎಂಬ ಸ್ವಿಚ್ಚಿದೆ, ಒಂದು ಕಡೆ ಮೈಕು, ಇನ್ನೊಂದು ಕಡೆ ಗಿಟಾರು. ಗಿಟಾರಿನ ಚಿತ್ರ ನೋಡಿ ಎಲೆಕ್ಟ್ರಿಕ್ ಗಿಟಾರಿನವರು ಅತ್ತ ತಳ್ಳಬೇಡಿ. ಅದು ಅಕೌಸ್ಟಿಕ್ಕಿಗೆ ಮಾಡಿದ್ದು. ಎಲೆಕ್ಟ್ರಿಕ್ಕಿನವರು ಸ್ವಿಚ್ಚನ್ನು ನಡುವೆ ಬಿಟ್ಟು, ತಮ್ಮ ಮಲ್ಟಿ ಎಫೆಕ್ಟ್ ಪೆಡಲಿನಲ್ಲಿ ಕ್ಯಾಬಿನೆಟ್ ಸಿಮ್ಯುಲೇಶನ್ (ಗಿಟಾರ್ ಆಂಪ್ಲಿಫೈಯರಿನ ಸ್ಪೀಕರ್ ದನಿಯ ಅನುಕರಣೆ) ಹಾಕಿಕೊಂಡು ಬರಬೇಕು. ಅದಿಲ್ಲದೆ ನೇರ ಚುಚ್ಚಿದರೆ ತಗಡಿನ ಮೇಲೆ ಮೊಳೆ ಎಳೆದ ದನಿ. ರಿವರ್ಬ್ ಗುಂಡಿಯನ್ನು ನಾನು ಸೊನ್ನೆಯಲ್ಲೇ ಇಡುತ್ತೇನೆ. ಒಂದು ಚಪ್ಪಾಳೆ ಏಳು ಸಲ ಮಾರ್ದನಿಸುವ ಗೋಳಗುಮ್ಮಟದ ಊರು ಇದು. ಇಲ್ಲಿಯ ಕಾರ್ಯಾಲಯಗಳ ಪತ್ರಾಸ್ (ತಗಡಿನ) ಛಾವಣಿಯೂ ಆ ಪರಂಪರೆಯನ್ನು ಕೈಲಾದಮಟ್ಟಿಗೆ ಮುಂದುವರಿಸಿದೆ.

ಈಗ ಅಸಲಿ ವಿಷಯ. ಇದರ ವೂಫರ್, ಅಂದರೆ ತಳದ ದನಿ ಹೊರಡಿಸುವ ಭಾಗ, ಆರು ಇಂಚು. ಕೆಳಗೆ ಸುಮಾರು 60 ಹರ್ಟ್ಸ್‌ವರೆಗೆ ಇಳಿಯುತ್ತದೆ. ಗಿಟಾರಿನ ಅತಿ ಕೆಳಗಿನ ತಂತಿ, ಅಂದರೆ ಬೆರಳೊತ್ತದೆ ಬಿಟ್ಟ ‘ಇ’ ಸ್ವರ, 82 ಹರ್ಟ್ಸ್. ಬೇಸ್ ಗಿಟಾರಿನ ‘ಇ’ ಅದರ ಅರ್ಧ, 41. ಈ ಎರಡು ಸಂಖ್ಯೆಗಳ ನಡುವೆಯೇ ನನ್ನ ಇಡೀ ಸೆಟ್ ಲಿಸ್ಟ್ ತೀರ್ಮಾನವಾಗುತ್ತದೆ. ಗಿಟಾರು ಪೂರ್ತಿಯಾಗಿ ಈ ಡಬ್ಬಿಯೊಳಗೆ ಇದೆ. ಬೇಸಿನ ತಳ, ಡ್ರಮ್ಮಿನ ಕಿಕ್ಕಿನ ಹೊಟ್ಟೆ, ಡಿಜೆ ಹಾಡಿನ ಎದೆಗೆ ಗುದ್ದುವ ಪೆಟ್ಟು ಹೊರಗೆ ಉಳಿಯುತ್ತವೆ. ಇದು ಡಬ್ಬಿಯ ತಪ್ಪಲ್ಲ, ಆರು ಇಂಚಿನ ಹಣೆಬರಹ. ಸ್ಕೂಟಿಯ ಮೇಲೆ ಬರುವ ಸ್ಪೀಕರ್ ಬೇಕು, ಭೂಮಿಯೂ ಅದುರಬೇಕು ಅಂದರೆ ಎರಡೂ ಆಗುವುದಿಲ್ಲ.

ಆದ್ದರಿಂದ ಹಾಡಿನ ಪಟ್ಟಿ ಮಾಡುವಾಗ ನನ್ನ ಮೊದಲ ಪ್ರಶ್ನೆ ‘ಈ ಹಾಡು ಜನರಿಗೆ ಇಷ್ಟವೇ’ ಎಂದಲ್ಲ. ‘ಈ ಹಾಡಿನ ಜೀವ ಎಲ್ಲಿದೆ’ ಎಂದು. ಜೀವ ಧಾಟಿಯಲ್ಲಿದ್ದರೆ ಬರಲಿ. ತಾಳದ ಮೇಲ್ಭಾಗದಲ್ಲಿ, ಅಂದರೆ ತಬಲಾದ ದಾಯಾಂ, ಢೋಲಕಿನ ಸಣ್ಣ ಬದಿ, ಖಂಜಿರ, ಗೆಜ್ಜೆ ಇವುಗಳಲ್ಲಿದ್ದರೂ ಬರಲಿ. ಬೇಸಿನಲ್ಲಿದ್ದರೆ ಬೇಡ. ನಮ್ಮ ಭಾಗದಲ್ಲಿ ಈಗ ಎಲ್ಲ ಮೆರವಣಿಗೆಗಳನ್ನೂ ಆಳುತ್ತಿರುವ ಉತ್ತರ ಕರ್ನಾಟಕ ಜಾನಪದ ಡಿಜೆ ಹಾಡುಗಳನ್ನು ಹುಡುಗರು ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಆ ಹಾಡುಗಳ ಬಗ್ಗೆ ನನಗೆ ಮೂಗು ಮುರಿಯುವ ಬುದ್ಧಿ ಇಲ್ಲ. ಆದರೆ ಅವುಗಳ ಧಾಟಿ ಮೂರ‍್ನಾಲ್ಕು ಸ್ವರಗಳಲ್ಲಿ ಮುಗಿಯುತ್ತದೆ. ಮಾತಿನ ಚೇಷ್ಟೆ ಮತ್ತು ಬೇಸಿನ ಗುದ್ದು ಎರಡೇ ಅವುಗಳ ಬಂಡವಾಳ. ನನ್ನ ಬಳಿ ಮಾತೂ ಇಲ್ಲ, ಗುದ್ದೂ ಇಲ್ಲ. ಚೀಟಿ ತಂದ ವೇಟರಿಗೆ ಹೇಳುತ್ತೇನೆ, “ಅಣ್ಣಾ, ಈ ಡಬ್ಬಿಗಿ ಅದು ಪಚನ ಆಗಂಗಿಲ್ಲ ಅಂತ ಹೇಳು.”

ಎರಡನೆಯ ಪ್ರಶ್ನೆ ಮಾತಿನದು. ಹಾಡಿನಿಂದ ಸಾಹಿತ್ಯ ತೆಗೆದುಹಾಕಿದರೆ ಏನು ಉಳಿಯುತ್ತದೆ? ಭಾವಗೀತೆಗಳಲ್ಲಿ ಎಷ್ಟೋ ಸಲ ಸಾಲು ಒಂದೇ ಸ್ವರದ ಸುತ್ತ ನಿಂತು ಮಾತನಾಡುತ್ತದೆ. ಕವಿಯ ಪದವೇ ಅದರ ಪ್ರಾಣ. ಗಿಟಾರಿನಲ್ಲಿ ಅದು ಟೆಲಿಗ್ರಾಫ್ ಯಂತ್ರದ ಕಟಕಟ. ದೀರ್ಘವಾಗಿ ಎಳೆಯುವ ಸಾಲು, ಮೇಲಕ್ಕೆ ಒಂದು ಜಿಗಿತ, ನಿಧಾನಕ್ಕೆ ಇಳಿತ ಇರುವ ಹಾಡು ಮಾತಿಲ್ಲದೆಯೂ ನಡೆಯುತ್ತದೆ. ನನ್ನ ಪರೀಕ್ಷೆ ಅಂಗಡಿಯಲ್ಲೇ ನಡೆಯುತ್ತದೆ: ಔಷಧಿ ಕಟ್ಟುತ್ತ ಬರೀ ‘ನ ನ ನ’ ಅಂತ ಗುನುಗುತ್ತೇನೆ. ಕೌಂಟರಿನ ಆಚೆಯವರು ಮೊದಲ ಸಾಲು ಮುಗಿಯುವುದರೊಳಗೆ ತಲೆ ಎತ್ತಿದರೆ ಹಾಡು ಪಾಸು. ಎರಡನೇ ಸಾಲಿಗೂ ತಲೆ ಎತ್ತದಿದ್ದರೆ ರೆಸ್ಟೊರೆಂಟಿನಲ್ಲಿ ಪನೀರ್ ಬಿಟ್ಟು ಯಾರು ಎತ್ತುತ್ತಾರೆ?

ಇನ್ನೊಂದು ವಿಷಯ ಗಾಯಕರಿಗೆ ಗೊತ್ತಾಗುವುದಿಲ್ಲ, ವಾದಕರು ಮಾತ್ರ ಅನುಭವಿಸುತ್ತಾರೆ. ಸಿನಿಮಾ ಹಾಡಿನಲ್ಲಿ ಎರಡು ಮೂರು ಚರಣಗಳಿರುತ್ತವೆ, ಪ್ರತಿ ಚರಣಕ್ಕೂ ಮಾತು ಹೊಸದು, ಧಾಟಿ ಹೆಚ್ಚಾಗಿ ಹಳೆಯದೇ. ಹಾಡುವವನಿಗೆ ಮೂರನೇ ಚರಣ ಕಥೆಯ ಮುಂದಿನ ಭಾಗ. ನನಗೆ ಅದು ಅದದೇ. ಹೀಗಾಗಿ ಐದು ನಿಮಿಷದ ಹಾಡನ್ನು ಟ್ರ್ಯಾಕಿನಲ್ಲೇ ಕತ್ತರಿಸಿ ಮೂರಕ್ಕೆ, ಮೂರುವರೆಗೆ ತರುತ್ತೇನೆ: ಪಲ್ಲವಿ, ಮಧ್ಯಸಂಗೀತ, ಒಂದು ಚರಣ, ಮೇಲಿನ ಸಪ್ತಕದಲ್ಲಿ ಇನ್ನೊಮ್ಮೆ ಪಲ್ಲವಿ, ಮುಗಿಯಿತು. ಮೂಲ ಹಾಡು ಮೆಲ್ಲಗೆ ಕರಗಿ ಹೋಗುವ ಫೇಡ್ ಔಟ್‌ನಲ್ಲಿ ಮುಗಿದಿದ್ದರೆ ಅದಕ್ಕೊಂದು ಗಟ್ಟಿ ಮುಕ್ತಾಯ ಜೋಡಿಸಬೇಕು. ಎದುರಿಗೆ ಕೂತವರಿಗೆ ಎಲ್ಲಿ ಚಪ್ಪಾಳೆ ತಟ್ಟಬೇಕು ಅಂತ ತಿಳಿಯಬೇಕಲ್ಲ. ಇದರ ಪರಿಣಾಮ, ಹಾಡುವವನಿಗೆ ಎಂಟೊಂಬತ್ತು ಹಾಡು ಸಾಕಾಗುವ ಮುಕ್ಕಾಲು ಗಂಟೆಗೆ ನನಗೆ ಹನ್ನೆರಡರ ಮೇಲೆ ಬೇಕು.

ಮಾತಿಲ್ಲದ ಸಿನಿಮಾ ಹಾಡು ನಮ್ಮ ಊರಿಗೆ ಹೊಸದೇನಲ್ಲ, ಅದೊಂದು ಅನುಕೂಲ. ಬ್ರಾಸ್ ಬ್ಯಾಂಡಿನ ಕ್ಲಾರಿನೆಟ್ಟು, ಬ್ಯಾಂಜೊ ಪಾರ್ಟಿ, ಅದಕ್ಕೂ ಹಿಂದೆ ಸನಾದಿ. ವರ ಕುದುರೆ ಹತ್ತಿದನೆಂದರೆ ಹಾಡು ಬಾಯಿಂದ ಬರುತ್ತಿರಲಿಲ್ಲ, ಪೀಪಿಯಿಂದ ಬರುತ್ತಿತ್ತು; ಓಣಿಯ ಜನ ಮಾತನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಗಿಟಾರಿನಲ್ಲೂ ದೊಡ್ಡ ಹಿರೀಕರಿದ್ದಾರೆ. ವ್ಯಾನ್ ಶಿಪ್ಲೆ, ಸುನೀಲ್ ಗಂಗೂಲಿ ಇವರು ಹಿಂದಿ ಚಿತ್ರಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿ ರೆಕಾರ್ಡುಗಳನ್ನೇ ತಂದರು. ಆ ರೆಕಾರ್ಡುಗಳನ್ನು ಈಗ ಕೇಳಿ ನೋಡಿ: ಬೆರಳಿನ ಚಮತ್ಕಾರ ಕಡಿಮೆ, ಗಾಯಕ ಎಲ್ಲಿ ಉಸಿರು ತೆಗೆದುಕೊಂಡನೋ ಅಲ್ಲೇ ಗಿಟಾರೂ ಉಸಿರು ತೆಗೆದುಕೊಳ್ಳುತ್ತದೆ. ಎರಡು ಸಾಲಿನ ನಡುವೆ ಜಾಗ ಸಿಕ್ಕಿತು ಅಂತ ಹದಿನಾರು ಸ್ವರ ತುರುಕುವ ನನ್ನಂಥವರಿಗೆ ಅದೊಂದು ಪಾಠ.

ಹಾಗಾದರೆ ಏನು ನುಡಿಸುತ್ತೇನೆ? ಶುರು ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ಇದರಲ್ಲಿ ಭಕ್ತಿ ಎಷ್ಟೋ ಲೆಕ್ಕಾಚಾರವೂ ಅಷ್ಟೇ. ರಾಗ ಮಧ್ಯಮಾವತಿ. ಅದರಲ್ಲಿ ಗಾಂಧಾರವೂ ಇಲ್ಲ, ಧೈವತವೂ ಇಲ್ಲ. ಸ ರಿ ಮ ಪ ನಿ, ಐದೇ ಸ್ವರ. ಗಾಂಧಾರ ಇಲ್ಲದ್ದರಿಂದ ಮೇಜರ್, ಮೈನರ್ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ, ಹಿಂದೆ ಕಾರ್ಡುಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಸರಪಳಿ ಬೇಕಿಲ್ಲ. ಒಂದು ತಂಬೂರಿ, ಹಗುರಾದ ತಬಲಾ, ಸಾಕು. ತಂಬೂರಿಯ ಝೇಂಕಾರ ಮಧ್ಯದ ಕಂಪನಗಳಲ್ಲಿ ಇರುವಂಥದ್ದು, ಎಸ್1 ಪ್ರೊಗೆ ಹೇಳಿ ಮಾಡಿಸಿದ್ದು. ಜನ ಇನ್ನೂ ಕುರ್ಚಿ ಎಳೆಯುತ್ತಿರುತ್ತಾರೆ, ಮೆನು ಬಂದಿರುವುದಿಲ್ಲ. ಆ ಹೊತ್ತಿನಲ್ಲಿ ದನಿ ಎಷ್ಟಿಡಬೇಕು, ಗಿಟಾರು ಮತ್ತು ಟ್ರ್ಯಾಕಿನ ತೂಕ ಸರಿಯಿದೆಯೇ ಅಂತ ಯಾರಿಗೂ ತಿಳಿಯದಂತೆ ಸರಿಪಡಿಸಿಕೊಳ್ಳಲು ಇಷ್ಟು ತೆಳು ಟ್ರ್ಯಾಕೇ ಬೇಕು. ಕರ್ನಾಟಕ ಸಂಗೀತದವರು ಮಧ್ಯಮಾವತಿಯನ್ನು ಕಛೇರಿಯ ಕೊನೆಗೆ ಇಡುತ್ತಾರೆ, ನಾನು ಮೊದಲಿಗೆ ಇಟ್ಟಿದ್ದೇನೆ. ಸಾಂಬಾರಿಗೆ ಮೊದಲು ಮಜ್ಜಿಗೆ ಬಡಿಸಿದ ಹಾಗೆ, ಗೊತ್ತು. ವಿಜಯಪುರದಲ್ಲಿ ಈವರೆಗೆ ಯಾರೂ ಜಗಳಕ್ಕೆ ಬಂದಿಲ್ಲ.

ಎರಡನೆಯದಾಗಿ 1983ರ ‘ಪಲ್ಲವಿ ಅನುಪಲ್ಲವಿ’ಯ ಥೀಮ್ ಸಂಗೀತ, ಇಳಯರಾಜ ಅವರದು. ಇದನ್ನು ಆರಿಸುವುದಕ್ಕೆ ಕಾರಣ ಸಂಗೀತದ್ದಷ್ಟೇ ಅಲ್ಲ. ಮುಂದೆ ಐಡಿಯಾ ಮೊಬೈಲ್ ಕಂಪನಿ ಇದೇ ಧಾಟಿಯನ್ನು ಜಾಹೀರಾತಿಗೆ ಹಾಕಿಕೊಂಡಿತು. ಒಂದೇ ಟೇಬಲ್ಲಿನಲ್ಲಿ ಅಪ್ಪನಿಗೆ ಸಿನಿಮಾ ನೆನಪಾಗುತ್ತದೆ, ಮಗನಿಗೆ ಮೊಬೈಲಿನ ಜಾಹೀರಾತು, ಇಬ್ಬರೂ ತಿರುಗಿ ನೋಡುತ್ತಾರೆ. ಇಂಥ ಎರಡು ವಿಳಾಸದ ಹಾಡುಗಳು ಎಲ್ಲಿ ಸಿಕ್ಕರೂ ಬಿಡಬೇಡಿ. ಮೇಲಾಗಿ ಇದು ಹುಟ್ಟಿದ್ದೇ ಮಾತಿಲ್ಲದೆ.

ಆಮೇಲೆ ಎಪ್ಪತ್ತರ ದಶಕದ ಹಿಂದಿ. ಇಲ್ಲಿ ಊಟಕ್ಕೆ ಬರುವ ಕುಟುಂಬಗಳಲ್ಲಿ ಮನೆಯೊಳಗೆ ಕನ್ನಡ, ದಖನಿ, ಮರಾಠಿ ಯಾವುದೇ ಇರಲಿ, ಆರ್.ಡಿ. ಬರ್ಮನ್ ಎಲ್ಲರ ಮನೆಯವರು. 1973ರ ‘ಚುರಾ ಲಿಯಾ’ದ ಶುರುವಿನ ಗಿಟಾರ್ ಭೂಪಿಂದರ್ ಸಿಂಗ್ ಅವರದು, ಅದರ ಮೊದಲ ಪೆಟ್ಟು ಗಾಜಿನ ಲೋಟದ ಟಿಣ್ ಸದ್ದು. ನಾನು ಟ್ರ್ಯಾಕಿನಿಂದ ಆ ಲೋಟವನ್ನು ತೆಗೆದುಹಾಕಿದೆ. ರೆಸ್ಟೊರೆಂಟಿನಲ್ಲಿ ಲೋಟಕ್ಕೇನು ಬರ, ಯಾವುದಾದರೂ ಟೇಬಲ್ಲಿನಿಂದ ಬಂದೇ ಬರುತ್ತದೆ, ತಾಳ ಮಾತ್ರ ಅವರವರದು.

1977ರ ‘ಸನಾದಿ ಅಪ್ಪಣ್ಣ’ದ ‘ಕರೆದರೂ ಕೇಳದೆ’ ಒಂದಿದೆ, ಅದನ್ನು ಬಿಡುವಂತಿಲ್ಲ. ಆ ಚಿತ್ರದಲ್ಲಿ ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನ್. ಊದುವ ವಾದ್ಯ ಒಂದು ಸ್ವರವನ್ನು ಹಿಡಿದು ಉಬ್ಬಿಸಬಲ್ಲದು. ಗಿಟಾರಿನ ಸ್ವರ ಹುಟ್ಟಿದ ಗಳಿಗೆಯಿಂದಲೇ ಸಾಯತೊಡಗುತ್ತದೆ. ಇದಕ್ಕೆ ಸ್ವರವನ್ನು ಹೆಚ್ಚು ಹೊತ್ತು ಹಿಡಿದಿಡುವ ಕಂಪ್ರೆಸರ್ ಸ್ವಲ್ಪ ಹೆಚ್ಚು ಬೇಕು, ವಾಲ್ಯೂಮ್ ಪೆಡಲ್ ಬೇಕು, ಮೀಂಡಿಗೆ, ಅಂದರೆ ಸ್ವರದಿಂದ ಸ್ವರಕ್ಕೆ ಜಾರಲು, ತಂತಿಯನ್ನು ಒಂದೂವರೆ ಸ್ವರದವರೆಗೆ ಎಳೆಯುವ ಬೆರಳು ಬೇಕು. ನನಗೆ ಮೆಚ್ಚುಗೆಯಾದದ್ದು, ಈ ಡಬ್ಬಿ ಮಧ್ಯದ ಸ್ವರಗಳನ್ನು ಮುಚ್ಚಿಡುವುದಿಲ್ಲ. ಎಳೆದ ಮೀಂಡು ಕಾಲು ಶ್ರುತಿ ತಪ್ಪಿದರೆ ಅದೂ ಸ್ಪಷ್ಟ ಕೇಳುತ್ತದೆ. ಅಭ್ಯಾಸಕ್ಕೆ ಇದು ಒಳ್ಳೆಯ ಗುಣ, ಶನಿವಾರಕ್ಕೆ ಅಷ್ಟು ಒಳ್ಳೆಯದಲ್ಲ.

2006ರಿಂದ ಈಚೆಗೆ ‘ಅನಿಸುತಿದೆ ಯಾಕೋ ಇಂದು’ ಇಲ್ಲದೆ ಯಾವ ಪಟ್ಟಿಯೂ ಪೂರ್ತಿಯಾಗಿಲ್ಲ. ಬೇಜಾರು ಬಂದಿದೆ, ಆದರೂ ಇದೆ. ಒಂದು ಅಭಂಗ, ಅಂದರೆ ವಿಠ್ಠಲನ ಮರಾಠಿ ಭಕ್ತಿಗೀತೆ, ಇರುತ್ತದೆ. ಪಂಢರಪುರ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಇಂಗ್ಲಿಷ್ ವಾದ್ಯಸಂಗೀತ ಒಂದು ಸೆಟ್ಟಿಗೆ ಒಂದೇ. ದಿ ಶ್ಯಾಡೋಸ್ ತಂಡದ 1960ರ ‘ಅಪಾಚೆ’ ಅಥವಾ ಸ್ಯಾಂಟೊ ಮತ್ತು ಜಾನಿ ಅವರ 1959ರ ‘ಸ್ಲೀಪ್ ವಾಕ್’. ಇವು ಗಿಟಾರಿಗೇ ಹುಟ್ಟಿದವು, ನುಡಿಸುವವನಿಗೆ ಹಬ್ಬ. ಕೇಳುವವರಿಗೆ ಗುರುತಿಲ್ಲ. ಆದ್ದರಿಂದ ಇವುಗಳ ಜಾಗ ಊಟ ಟೇಬಲ್ಲಿಗೆ ಬಂದ ಹೊತ್ತು. ಎಲ್ಲರೂ ರೊಟ್ಟಿ ಮುರಿಯುವಾಗ ಯಾರಿಗೂ ಗುರುತಿನ ಹಾಡು ಬೇಕಿರುವುದಿಲ್ಲ, ಹಿತವಾದ ಸದ್ದು ಬೇಕಿರುತ್ತದೆ. ಗುರುತಿನ ಹಾಡುಗಳನ್ನು ಆರ್ಡರ್ ಕೊಟ್ಟು ಕಾಯುವ ಹದಿನೈದು ಇಪ್ಪತ್ತು ನಿಮಿಷಕ್ಕೆ ಉಳಿಸಿಕೊಳ್ಳಬೇಕು. ರೆಸ್ಟೊರೆಂಟಿನವರು ನಮಗೆ ದುಡ್ಡು ಕೊಡುವುದೇ ಆ ಕಾಯುವಿಕೆ ಗೊತ್ತಾಗದಿರಲಿ ಅಂತ.

ಶ್ರುತಿಯ ವಿಚಾರ ಚಿಕ್ಕದು: ಗಿಟಾರಿನವರಿಗೆ ಎಲ್ಲವನ್ನೂ ಇ ಮೈನರಿಗೆ ಎಳೆಯುವ ಚಟ ಇರುತ್ತದೆ. ಸತತ ಮೂರು ಹಾಡು ಒಂದೇ ಶ್ರುತಿಯಲ್ಲಿ ಬಂದರೆ, ಸಂಗೀತ ಗೊತ್ತಿಲ್ಲದವರಿಗೂ ಅದೇ ಹಾಡು ಇನ್ನೂ ಮುಗಿದಿಲ್ಲ ಅನ್ನಿಸುತ್ತದೆ. ಲಯಕ್ಕೂ ಇದೇ ಮಾತು.

ಟ್ರ್ಯಾಕುಗಳ ಬಗ್ಗೆ ಸ್ವಲ್ಪ ವಿವರ ಬೇಕು, ಏಕೆಂದರೆ ಇಲ್ಲಿ ಡಬ್ಬಿಯ ಸ್ವಭಾವ ಮತ್ತೆ ಅಡ್ಡ ಬರುತ್ತದೆ. ಎಸ್1 ಪ್ರೊ ಒಂದೇ ಡಬ್ಬಿ, ಅಂದರೆ ಮೋನೊ. ಎಡ ಬಲ ಎರಡೂ ಒಳಗೆ ಕೂಡಿ ಒಂದಾಗುತ್ತವೆ. ಇಯರ್‌ಫೋನಿನಲ್ಲಿ ಅಗಲವಾಗಿ, ವೈಭವವಾಗಿ ಕೇಳುವ ಕೀಬೋರ್ಡ್ ಪ್ಯಾಡು (ಹಿನ್ನೆಲೆಯ ಉದ್ದ ಸ್ವರಗಳು) ಎಡಬಲಗಳಲ್ಲಿ ವಿರುದ್ಧ ಫೇಸಿನಲ್ಲಿದ್ದರೆ, ಅಂದರೆ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತಿದ್ದರೆ, ಕೂಡಿಸಿದಾಗ ಒಂದನ್ನೊಂದು ನುಂಗಿ ಮಾಯವಾಗುತ್ತದೆ. ಹಳೆಯ ಕಾಲದ ‘ವೋಕಲ್ ರಿಮೂವರ್’ ಕರೋಕೆಗಳಲ್ಲಿ ಇನ್ನೊಂದು ಪೇಚು. ಅವು ಎಡದಿಂದ ಬಲವನ್ನು ಕಳೆದು ನಡುವಿನ ದನಿಯನ್ನು ಅಳಿಸುತ್ತವೆ. ಆದರೆ ನಡುವೆ ಗಾಯಕ ಒಬ್ಬನೇ ಇರುವುದಿಲ್ಲ, ಬೇಸೂ ಕಿಕ್ಕೂ ಅಲ್ಲೇ ಇರುತ್ತವೆ, ಅವನ ಜೊತೆ ಅವೂ ಹೋಗುತ್ತವೆ. ಮೊದಲೇ ಬೇಸು ಕಡಿಮೆಯಿರುವ ಡಬ್ಬಿಗೆ ಬೇಸೇ ಇಲ್ಲದ ಟ್ರ್ಯಾಕು. ಈಗ ಹಾಡನ್ನು ದನಿ, ಬೇಸ್, ಡ್ರಮ್ಸ್, ಉಳಿದದ್ದು ಎಂದು ಬಿಡಿಸಿಕೊಡುವ ತಂತ್ರಾಂಶಗಳಿವೆ. ಡೀಜರ್ ಕಂಪನಿ 2019ರಲ್ಲಿ ಸ್ಪ್ಲೀಟರ್ ಎಂಬುದನ್ನು ಉಚಿತವಾಗಿ ಬಿಟ್ಟ ಮೇಲೆ ಇದು ಸಾಮಾನ್ಯರ ಕೈಗೂ ಬಂತು, ಫೋನಿನಲ್ಲಿ ಮೊಯ್ಸೆಸ್ ಥರದ ಆಪುಗಳೂ ಇವೆ. ಬಿಡಿಸಿದ ಮೇಲೆ ಝಾಂಜ್, ಸಿಂಬಲ್ ಸ್ವಲ್ಪ ನೀರೊಳಗಿಂದ ಬಂದಂತೆ ಕೇಳುತ್ತವೆ. ರೆಸ್ಟೊರೆಂಟಿನ ಗದ್ದಲದಲ್ಲಿ ಅದನ್ನು ಕಂಡುಹಿಡಿಯುವವ ಇದ್ದರೆ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ಮೋನೊ ಪರೀಕ್ಷೆಗೆ ಸ್ಪೀಕರ್ ತೆಗೆಯಬೇಕಿಲ್ಲ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಆಕ್ಸೆಸಿಬಿಲಿಟಿ ಸೆಟ್ಟಿಂಗಿನೊಳಗೆ ‘ಮೋನೊ ಆಡಿಯೋ’ ಇದೆ. ಒತ್ತಿ, ಇಯರ್‌ಫೋನಿನಲ್ಲಿ ಕೇಳಿ. ಏನು ಮಾಯವಾಗುತ್ತದೋ ಅದು ಶನಿವಾರವೂ ಮಾಯವಾಗುತ್ತದೆ.

ಬೇಸಿಗೆ ಒಂದು ಉಪಾಯವಿದೆ, ಇದು ಈ ಡಬ್ಬಿ ಇರುವವರಿಗೆಲ್ಲ ಉಪಯೋಗ. ನಮ್ಮ ಕಿವಿ ಒಂದು ಸ್ವರದ ಮೂಲ ಕಂಪನ ಇಲ್ಲದಿದ್ದರೂ ಅದರ ದುಪ್ಪಟ್ಟು, ಮೂರುಪಟ್ಟು ಕಂಪನದ ಹಾರ್ಮೋನಿಕ್‌ಗಳಿದ್ದರೆ ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ. ಆದ್ದರಿಂದ ಬೇಸ್ ಟ್ರ್ಯಾಕನ್ನು ಜೋರು ಮಾಡಿ ಪ್ರಯೋಜನವಿಲ್ಲ. ಅದಕ್ಕೆ ತುಸು ಡಿಸ್ಟಾರ್ಶನ್ (ದನಿಯ ಒರಟುತನ) ಬೆರೆಸಿ ಹಾರ್ಮೋನಿಕ್ ಹೆಚ್ಚಿಸಬೇಕು, ಇಲ್ಲವೇ ಒಂದು ಸಪ್ತಕ ಮೇಲಕ್ಕೆ ಎತ್ತಬೇಕು. 41 ಹರ್ಟ್ಸ್‌ನ ‘ಇ’ ಹೋಗಿ 82ರ ‘ಇ’ ಆಯಿತು ಅಂದರೆ ಅದು ಡಬ್ಬಿಯ ಅಂಗಳದೊಳಗೆ ಬಂತು. ಬಯಲಲ್ಲಿ ಬೇಸು ಇನ್ನೂ ತೆಳುವಾಗುತ್ತದೆ, ತಿರುಗಿ ಕಳಿಸಲು ಗೋಡೆ ಇರುವುದಿಲ್ಲವಲ್ಲ. ಗಾರ್ಡನ್ನಿನಲ್ಲಿ ನಾನು ಕಂಪೌಂಡಿನ ಎರಡು ಗೋಡೆ ಕೂಡುವ ಮೂಲೆ ಕೇಳಿ ತೆಗೆದುಕೊಂಡಿದ್ದೇನೆ. ಮಾಲೀಕರು ಕಾರಂಜಿಯ ಪಕ್ಕ ಕೂಡಿ, ಫೋಟೋ ಚೆಂದ ಬರುತ್ತದೆ ಅಂದಿದ್ದರು. ಫೋಟೋ ಚೆಂದ ಬರುತ್ತಿತ್ತು, ಖರೆ.

ಟ್ರ್ಯಾಕುಗಳೆಲ್ಲದರ ಜೋರು ಒಂದೇ ಮಟ್ಟದಲ್ಲಿರಬೇಕು, ಮನೆಯಲ್ಲೇ ಸರಿಮಾಡಿಕೊಳ್ಳಬೇಕು. ಮೂರನೇ ಚಾನೆಲ್ಲಿಗೆ ವಾಲ್ಯೂಮ್ ಒಂದೇ ಗುಂಡಿ, ಹಾಡು ಹಾಡಿಗೂ ಎದ್ದು ಹಿಂದೆ ಹೋಗಿ ತಿರುಗಿಸುವುದು ವಾದಕನ ಲಕ್ಷಣವಲ್ಲ. ಹಾಡಿನ ಶುರುವಿಗೆ ಲಯ ಹಿಡಿಯಲು ನಾಲ್ಕು ಮೆತ್ತನೆ ಹೈಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಪೆಟ್ಟು ಇಟ್ಟುಕೊಳ್ಳಿ. ಪ್ಲೇಯರ್ ಒಂದು ಹಾಡಾದ ಮೇಲೆ ತಾನೇ ಮುಂದಿನದಕ್ಕೆ ಹಾರದಂತೆ ಇಡಿ. ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಪಕ್ಕದ ತಬಲಾದವನಾದರೆ ಕಣ್ಣು ನೋಡಿ ಒಂದು ಆವರ್ತನ ಹೆಚ್ಚು ಬಾರಿಸುತ್ತಾನೆ.

ಬ್ಲೂಟೂತ್ ತಡವಾಗುತ್ತದಲ್ಲ, ಲಯ ತಪ್ಪುವುದಿಲ್ಲವೇ ಅಂತ ಕೇಳುವವರಿದ್ದಾರೆ. ತಪ್ಪುವುದಿಲ್ಲ. ಟ್ರ್ಯಾಕು ಫೋನಿನಿಂದ ತಡವಾಗಿಯೇ ಬರಲಿ, ನೀವು ಕೇಳುವುದು ಸ್ಪೀಕರಿನಿಂದ, ನಿಮ್ಮ ಗಿಟಾರು ತಂತಿಯಲ್ಲಿ ಬರುವುದೂ ಅದೇ ಸ್ಪೀಕರಿಗೆ. ಕಿವಿ ಎರಡನ್ನೂ ಒಟ್ಟಿಗೇ ಕೇಳುತ್ತದೆ. ಗಿಟಾರನ್ನೇ ಬ್ಲೂಟೂತಿನಲ್ಲಿ ಕಳಿಸಿದರೆ ಮಾತ್ರ ಅನಾಹುತ. ಆದರೂ ನಾನು 3.5 ಎಂಎಂ ತಂತಿಯನ್ನೇ ಹಚ್ಚುತ್ತೇನೆ, ಫೋನು ಫ್ಲೈಟ್ ಮೋಡ್. ಮೆಡಿಕಲ್ ಅಂಗಡಿಯವನಿಗೆ ಶನಿವಾರ ರಾತ್ರಿ ಎಷ್ಟು ಫೋನು ಬರುತ್ತವೆ ಅಂತ ಅಂಗಡಿಯವರಿಗೇ ಗೊತ್ತು.

ದನಿ ಎಷ್ಟಿರಬೇಕು ಎಂಬುದಕ್ಕೆ ಮೀಟರ್ ನೋಡುವುದಿಲ್ಲ. ವೇಟರನ್ನು ನೋಡುತ್ತೇನೆ. ಆರ್ಡರ್ ತೆಗೆದುಕೊಳ್ಳುವಾಗ ಅವನು ನೆಟ್ಟಗೆ ನಿಂತೇ ಬರೆದುಕೊಂಡರೆ ಸರಿ. ಗಿರಾಕಿಯ ಬಾಯಿಯ ಹತ್ತಿರ ಕಿವಿ ಒಯ್ಯಲು ಬಗ್ಗಿದರೆ ನಾನು ಹೆಚ್ಚಾಗಿದ್ದೇನೆ. ಈ ಡಬ್ಬಿಯನ್ನು ನನ್ನ ಹಿಂದೆ, ಸ್ವಲ್ಪ ಎಡಕ್ಕೆ, ಗಟ್ಟಿ ಸ್ಟೂಲಿನ ಮೇಲೆ ಇಡುತ್ತೇನೆ. ಜನರಿಗೆ ಕೇಳುವುದೇ ನನಗೂ ಕೇಳುತ್ತದೆ, ಬೇರೆ ಮಾನಿಟರ್ ಬೇಡ. ಮೈಕು ಇಲ್ಲ, ಗಿಟಾರು ಒಳಗೆ ಟೊಳ್ಳಿಲ್ಲದ ಗಟ್ಟಿಮರದ್ದು, ಹಾಗಾಗಿ ಸ್ಪೀಕರ್ ಕೂಗುವ (ಫೀಡ್‌ಬ್ಯಾಕ್) ಭಯ ಇಲ್ಲ. ಅಕೌಸ್ಟಿಕ್‌ನವರು ಹೀಗೆ ಹಿಂದೆ ಇಟ್ಟು ನೋಡಬೇಡಿ. ಪ್ಲಾಸ್ಟಿಕ್ ಕುರ್ಚಿಯ ಮೇಲಂತೂ ಯಾರೂ ಇಡಬೇಡಿ, ಕುರ್ಚಿಯೂ ನುಡಿಸಲು ಶುರುಮಾಡುತ್ತದೆ. ನೆಲಕ್ಕೆ ಓರೆಯಾಗಿಟ್ಟರೆ, ಎತ್ತರದಲ್ಲಿಟ್ಟರೆ, ಡಬ್ಬಿ ತನ್ನ ಭಂಗಿ ತಾನೇ ತಿಳಿದು ಇಕ್ವಲೈಜರ್ ಬದಲಿಸಿಕೊಳ್ಳುತ್ತದೆ. ಮೊದಲು ಇದು ಜಾಹೀರಾತಿನ ಮಾತು ಅಂದುಕೊಂಡಿದ್ದೆ, ಕೇಳಿದರೆ ವ್ಯತ್ಯಾಸ ಇದೆ.

ಬೇಸಗೆಯಲ್ಲಿ ಒಂದು ಎಚ್ಚರ. ಏಪ್ರಿಲ್, ಮೇ ತಿಂಗಳ ನಮ್ಮ 40 ಡಿಗ್ರಿಯಲ್ಲಿ ಲಿಥಿಯಂ ಬ್ಯಾಟರಿಯನ್ನು ಬಿಸಿಲಿಗೆ ನಿಂತ ಕಾರಿನೊಳಗೆ ಬಿಡಬಾರದು, ಕಾದಿರುವಾಗಲೇ ಚಾರ್ಜಿಗೂ ಹಾಕಬಾರದು. ಮನೆಗೆ ತಂದು ಆರಲು ಬಿಟ್ಟು ರಾತ್ರಿ ಹಾಕಿ.

ಯಾರು ಕೊಳ್ಳಬಾರದು? ಕಂಡೆನ್ಸರ್ ಮೈಕು ಬಳಸುವವರು. ಅಂಥ ಮೈಕಿಗೆ ತಂತಿಯಲ್ಲೇ ಕರೆಂಟು ಕೊಡುವ ಫ್ಯಾಂಟಮ್ ಪವರ್ ಇದರಲ್ಲಿ ಇಲ್ಲ. ನೂರಕ್ಕೂ ಹೆಚ್ಚು ಜನರಿರುವ, ಕುಣಿಯುವ ಕಾರ್ಯಕ್ರಮ ಮಾಡುವವರು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಅಂಗಡಿಯ ಮುಂದೆ ಇಟ್ಟು ನುಡಿಸುತ್ತೇನೆ ಅನ್ನುವವರು. ಟ್ರ್ಯಾಕಿಗೂ ಟ್ರೆಬಲ್ ಬೇಸ್ ಗುಂಡಿ ಬೇಕು ಅನ್ನುವವರು 2023ರಲ್ಲಿ ಬಂದ ಎಸ್1 ಪ್ರೊ ಪ್ಲಸ್ ನೋಡಬಹುದು. ಅದರಲ್ಲಿ ಆಪಿನಿಂದ ಮೂರೂ ಚಾನೆಲ್ ಸರಿಪಡಿಸಬಹುದು, ಗಿಟಾರು ಮೈಕುಗಳಿಗೆ ವೈರ್‌ಲೆಸ್ ಸೌಲಭ್ಯವೂ ಇದೆ. ನನ್ನದು 2018ರಲ್ಲಿ ಬಂದ ಹಳೆಯ ಮಾದರಿ, ಅದೂ ಎರಡನೇ ಕೈಯದು. ಟ್ರ್ಯಾಕುಗಳನ್ನು ಮನೆಯಲ್ಲೇ ಹದಮಾಡಿಕೊಂಡು ಹೋಗುವ ನನಗೆ ಹೊಸದಕ್ಕೆ ಹೆಚ್ಚು ದುಡ್ಡು ಸುರಿಯುವ ಕಾರಣ ಕಾಣುತ್ತಿಲ್ಲ. ಎರಡನೇ ಕೈಯದು ಕೊಳ್ಳುವವರು ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಕನಿಷ್ಠ ಎರಡು ಗಂಟೆ ಟ್ರ್ಯಾಕು ಹಚ್ಚಿಟ್ಟು, ಎದುರಿಗೇ ಕೂತು ಪರೀಕ್ಷಿಸಿ. ಹತ್ತು ನಿಮಿಷ ಕೇಳಿಸಿ ‘ಭಾರಿ ಅದ ರೀ’ ಅನ್ನುವವರ ಮನೆಯಲ್ಲಿ ಚಹಾ ಕುಡಿದು ವಾಪಸ್ ಬನ್ನಿ.